ಪಾರೋಸ್ ದ್ವೀಪದಲ್ಲಿ ರಾತ್ರಿ ಎರಡಕ್ಕೆ ಲಂಗರು ಜಾರಿತು. ಎಲ್ಲಿ ತಪ್ಪಿದೆವು?

ಹಾಯಿ_ಹುಡುಗ · ಜುಲೈ 24, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನಿರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ನಾಲ್ಕು ವರ್ಷದಿಂದ ಹಾಯಿದೋಣಿ ಕಲಿಯುತ್ತಿದ್ದೇನೆ, ಹಗಲಲ್ಲಿ ದೋಣಿ ನಡೆಸಲು ಕೊಡುವ ಡೇ ಸ್ಕಿಪ್ಪರ್ ಸರ್ಟಿಫಿಕೇಟ್ ಇದೆ. ಈ ತಿಂಗಳು ಗೆಳೆಯರು ಐದು ಜನ ಸೇರಿ ಗ್ರೀಸಿನ ಪಾರೋಸ್‌ನಲ್ಲಿ 38 ಅಡಿಯ ದೋಣಿ ಬಾಡಿಗೆಗೆ ತಗೊಂಡೆವು.

ಮೂರನೇ ದಿನ ಸಂಜೆ ದ್ವೀಪದ ಉತ್ತರಕ್ಕಿರುವ ನೌಸಾ ಕೊಲ್ಲಿಗೆ ಬಂದೆವು. ಕೊಲಿಂಬಿಥ್ರೆಸ್ ಅಂತ ನುಣುಪಾದ ಬಂಡೆಗಳ ಕಡಲತೀರ ಇದೆಯಲ್ಲ, ಅದರ ಎದುರಿಗೆ. ಆರು ಮೀಟರ್ ಆಳದಲ್ಲಿ ಲಂಗರು ಬಿಟ್ಟು 20 ಮೀಟರ್ ಸರಪಳಿ ಇಳಿಸಿದೆವು. ಗಾಳಿ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಇತ್ತು ಅಷ್ಟೆ. ಊಟ ಮಾಡಿ ಮಲಗಿದೆವು.

ರಾತ್ರಿ ಎರಡು ಗಂಟೆಗೆ ಗೆಳೆಯನೊಬ್ಬ ಕೂಗಿದ. ಎದ್ದು ನೋಡಿದರೆ ಬಂಡೆಗಳು ಹತ್ತಿರ ಬಂದಿವೆ. ಅಂದರೆ ನಾವೇ ಅವುಗಳ ಕಡೆ ಹೋಗುತ್ತಿದ್ದೆವು. ಗಾಳಿ 30 ನಾಟ್. ಆಕಾಶ ನೋಡಿದರೆ ಒಂದು ಮೋಡ ಇಲ್ಲ, ನಕ್ಷತ್ರ ಎಣಿಸಬಹುದಿತ್ತು. ಎಂಜಿನ್ ಹಾಕಿ ಮುಂದೆ ಹೋಗಿ ಲಂಗರು ಎತ್ತಿದೆವು. ಅದರ ತುಂಬ ದೊಡ್ಡ ಹಸಿರು ಹುಲ್ಲಿನ ಕಂತೆ. ಬೆಳಗಾಗುವವರೆಗೆ ಕೊಲ್ಲಿಯ ನಡುವೆ ಸುತ್ತು ಹಾಕಿದೆವು. ದೋಣಿಗೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸೆಪ್ಟೆಂಬರ್ ಕೊನೆಗೆ ಮತ್ತೆ ಹೋಗುತ್ತಿದ್ದೇನೆ. ಈ ಸಲ ಅಪ್ಪ ಅಮ್ಮನೂ ಇರುತ್ತಾರೆ. ನಾವು ತಪ್ಪಿದ್ದೆಲ್ಲಿ? ದ್ವೀಪ ಸುತ್ತುವಾಗ ಎಲ್ಲಿ ನಿಲ್ಲಬೇಕು? ತಿಳಿದವರು ಬಿಡಿಸಿ ಹೇಳಿ.

ಪಡುಗಡಲು · ಜುಲೈ 24, ರಾತ್ರಿ 9:40

ಸರಪಳಿ ಸಾಲಲಿಲ್ಲ. ಬೇರೆ ಹುಡುಕುವುದು ಬೇಡ.

ಆರು ಮೀಟರ್ ಆಳಕ್ಕೆ ಇಪ್ಪತ್ತು ಮೀಟರ್ ಅಂದಿರಿ. ಲಂಗರು ಸರಪಳಿ ಇಳಿಯುವುದು ನೀರಿನ ಮಟ್ಟದಿಂದಲ್ಲ, ದೋಣಿಯ ಮುಂತುದಿಯಿಂದ. ಅದು ನೀರಿಗಿಂತ ಮೀಟರಿಗೂ ಜಾಸ್ತಿ ಎತ್ತರದಲ್ಲಿರುತ್ತದೆ. 7.2 ಮೀಟರ್ ಅಂತ ಹಿಡಿಯಿರಿ. ನೀವು ಬಿಟ್ಟಿದ್ದು ಮೂರು ಪಟ್ಟೂ ಆಗಲಿಲ್ಲ. ಐದು ಪಟ್ಟು ಬೇಕಿತ್ತು, ಅಂದರೆ 36 ಮೀಟರ್. ಗಾಳಿ ಬರುತ್ತದೆ ಎಂದು ಗೊತ್ತಿದ್ದರೆ ಏಳು ಪಟ್ಟು, ಅಂದರೆ 50.

32 ವರ್ಷ ಸರಕು ಹಡಗಿನಲ್ಲಿ ಇದ್ದೆ. ಚಿಕ್ಕದಾಗಲಿ ದೊಡ್ಡದಾಗಲಿ, ಸರಪಳಿ ಕಡಿಮೆಯಾದರೆ ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಿದಾಗ ಲಂಗರಿನ ಕಾಂಡ ಮೇಲಕ್ಕೆ ಏಳುತ್ತದೆ. ಮೊನೆ ತಳದಿಂದ ಕಿತ್ತು ಬರುತ್ತದೆ.

ಹಾಯಿ_ಹುಡುಗ · ಜುಲೈ 24, ರಾತ್ರಿ 9:52

ಬಾಡಿಗೆ ಕೊಟ್ಟವರು ಮೂರು ಪಟ್ಟು ಸಾಕು ಅಂದಿದ್ದರು ಸರ್.

ಪಡುಗಡಲು · ಜುಲೈ 24, ರಾತ್ರಿ 9:55

ಮಧ್ಯಾಹ್ನ ಊಟಕ್ಕೆ ಎರಡು ಗಂಟೆ ನಿಲ್ಲಲು ಸಾಕು, ಅದೂ ದೋಣಿಯಲ್ಲಿ ಒಬ್ಬರು ಎಚ್ಚರ ಇದ್ದರೆ. ರಾತ್ರಿಗೆ ಸಾಲದು.

ಮಲ್ಪೆಯವ · ಜುಲೈ 24, ರಾತ್ರಿ 10:20

ಸರಪಳಿ ಲೆಕ್ಕ ಸರಿ. ಆದರೆ ಅವರು ಹೇಳಿದ ಒಂದು ಮಾತು ಯಾರೂ ಹಿಡಿಯಲಿಲ್ಲ ಮಾರ್ರೆ. ಲಂಗರು ಎತ್ತಿದಾಗ ಹುಲ್ಲಿನ ಕಂತೆ ಬಂತು ಅಂದರು. ಅಂದರೆ ಲಂಗರು ನೆಲಕ್ಕೆ ಮುಟ್ಟಲೇ ಇಲ್ಲ. ಹುಲ್ಲಿನ ಮೇಲೆ ಕೂತಿತ್ತು. ಅಂಥ ಜಾಗದಲ್ಲಿ 50 ಮೀಟರ್ ಬಿಟ್ಟರೂ ಜಾರುವುದೇ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೀನುಗಾರಿಕೆ. ತಳ ಕೆಸರಾ, ಮರಳಾ, ಕಲ್ಲಾ ಎಂದು ಮೊದಲು ತಿಳಿಯಬೇಕು. ಅಜ್ಜ ಸೀಸದ ಗುಂಡಿನ ಅಡಿಗೆ ಮೇಣ ಮೆತ್ತಿ ಇಳಿಸುತ್ತಿದ್ದರು. ಮೇಣಕ್ಕೆ ಏನು ಅಂಟಿಕೊಂಡು ಬರುತ್ತದೋ ಅದೇ ತಳ. ಹಗ್ಗ ಎಷ್ಟು ಬಿಡಬೇಕು ಅನ್ನುವುದು ಆಮೇಲಿನ ಮಾತು.

ಅಂದಹಾಗೆ ನಿಮ್ಮ ಲಂಗರು ಎಷ್ಟು ಕೆಜಿ?

ಪಡುಗಡಲು · ಜುಲೈ 24, ರಾತ್ರಿ 10:31

ತಳ ಮುಖ್ಯ ಅಲ್ಲ ಎಂದು ನಾನು ಹೇಳಲಿಲ್ಲ. ಮೊದಲ ತಪ್ಪು ಸರಪಳಿ ಅಂದೆ.

ಮಲ್ಪೆಯವ · ಜುಲೈ 24, ರಾತ್ರಿ 10:33

ಮೊದಲ ತಪ್ಪು ತಳ. ಎರಡನೆಯದು ಸರಪಳಿ.

ಮೈಸೂರು_ಮಂಜ · ಜುಲೈ 24, ರಾತ್ರಿ 10:47

ನಾನು ಇದುವರೆಗೆ ಕೆಆರ್‌ಎಸ್ ಹಿನ್ನೀರು ಬಿಟ್ಟು ಬೇರೆ ಕಡೆ ದೋಣಿ ಹತ್ತಿಲ್ಲ. ಒಂದು ಪ್ರಶ್ನೆ. ಸರಪಳಿಯ ಭಾರವೇ ದೋಣಿಯನ್ನು ಹಿಡಿದುಕೊಳ್ಳುತ್ತದೆ ಎಂದುಕೊಂಡಿದ್ದೆ. ಅಲ್ವಾ?

ಏಜಿಯನ್_ಸುಧಾ · ಜುಲೈ 25, ಬೆಳಿಗ್ಗೆ 7:05

ಮಂಜ ಅವರೇ, ಗಾಳಿ ಕಡಿಮೆ ಇದ್ದಾಗ ಹೌದು. ಸರಪಳಿ ಜೋತು ಬಿದ್ದಿರುತ್ತದೆ, ಜೋಲಿಯ ಹಗ್ಗದ ಥರ. ಗಾಳಿ ಜೋರಾದರೆ ಅದು ಬಿಲ್ಲಿನ ದಾರದಂತೆ ನೆಟ್ಟಗಾಗುತ್ತದೆ. ಆಗ ಲೆಕ್ಕಕ್ಕೆ ಬರುವುದು ಎಳೆತದ ಕೋನ ಮತ್ತು ತಳದ ಹಿಡಿತ. ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. 12 ನಾಟ್ 30 ಆದರೆ ಎಳೆತ ಆರು ಪಟ್ಟು ಆಗುತ್ತದೆ. ಮಲಗುವಾಗ ಸಾಕಾಗಿದ್ದದ್ದು ಎರಡು ಗಂಟೆಗೆ ಸಾಲದೆ ಬಂದದ್ದು ಅದಕ್ಕೇ.

ಈಗ ಹಾಯಿ_ಹುಡುಗ ಅವರಿಗೆ. ನಾನು ಗ್ರೀಸಿನ ಪಿರಾಯೆಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮದೇ ಹಳೆಯ 31 ಅಡಿ ದೋಣಿ ಇದೆ. ಪ್ರತಿ ಬೇಸಿಗೆ ಸಿಕ್ಲಾಡಿಸ್ ದ್ವೀಪಗಳ ಕಡೆ ಹೋಗುತ್ತೇವೆ. ನೀವು ನಿಂತ ಜಾಗ ನನಗೆ ಚೆನ್ನಾಗಿ ಗೊತ್ತು.

ನೌಸಾ ಕೊಲ್ಲಿಯ ಬಾಯಿ ಉತ್ತರಕ್ಕಿದೆ. ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಗಾಳಿ ಬೀಸುವುದೂ ಉತ್ತರದಿಂದಲೇ. ಕೊಲಿಂಬಿಥ್ರೆಸ್ ಎದುರು ಹಗಲು ಈಜಲು ಸೊಗಸು. ರಾತ್ರಿಗೆ ಅಲ್ಲಿಂದ ಇನ್ನಷ್ಟು ಉತ್ತರಕ್ಕೆ ಹೋಗಿ ಐ ಯಾನಿಸ್ ಮಠದ ಕೆಳಗೆ ನಿಲ್ಲಬೇಕಿತ್ತು. ಅಲ್ಲಿ ಗುಡ್ಡ ಅಡ್ಡ ಇದೆ. ಗಾಳಿ ಮೇಲಿಂದ ಬೀಸುತ್ತದೆ, ಆದರೆ ಅಲೆ ಏಳುವುದಿಲ್ಲ. ಆ ಸಂತನಿಗೆ ಅಲ್ಲಿ ‘ಡೆಟಿಸ್’ ಎನ್ನುತ್ತಾರೆ, ಹಗ್ಗದಿಂದ ಕಟ್ಟಿಹಾಕುವವನು ಎಂದು ಅರ್ಥ. ಹಿಂದೆ ಹಡಗುಗಳನ್ನು ಕಟ್ಟಿ ನಿಲ್ಲಿಸುತ್ತಿದ್ದುದು ಅಲ್ಲೇ ಎಂದು ಊರಿನವರು ಹೇಳುತ್ತಾರೆ. 1770ರ ದಶಕದಲ್ಲಿ ತುರ್ಕರ ಜೊತೆ ಯುದ್ಧವಾಗುವಾಗ ರಷ್ಯಾದ ನೌಕಾಪಡೆ ಇದೇ ಕೊಲ್ಲಿಯನ್ನು ನೆಲೆ ಮಾಡಿಕೊಂಡಿತ್ತು. ಒಳ್ಳೆಯ ಕೊಲ್ಲಿಯೇ. ಎಲ್ಲಿ ನಿಲ್ಲುತ್ತೀರಿ ಅನ್ನುವುದರಲ್ಲಿದೆ ವಿಷಯ.

ತಳ ಮೊದಲೋ ಸರಪಳಿ ಮೊದಲೋ? ನನ್ನ ಮತ ಮಲ್ಪೆಯವರಿಗೆ.

ಹಸಿರುನೀರು · ಜುಲೈ 25, ಬೆಳಿಗ್ಗೆ 9:30

ಆ ‘ಹುಲ್ಲಿನ’ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ಪಾಚಿ ಅಲ್ಲ. ಪೊಸಿಡೋನಿಯಾ ಎಂಬ ನಿಜವಾದ ಗಿಡ. ಬೇರು, ಎಲೆ, ಹೂವು, ಕಾಯಿ ಎಲ್ಲ ಇದೆ. ಮೆಡಿಟರೇನಿಯನ್ ಬಿಟ್ಟರೆ ಈ ಜಾತಿ ಬೇರೆಲ್ಲೂ ಇಲ್ಲ. ಮೀನುಮರಿಗಳಿಗೆ ಅದೇ ತೊಟ್ಟಿಲು. ಮರಳು ಕೊಚ್ಚಿಹೋಗದಂತೆ ದಡವನ್ನು ಹಿಡಿದಿಡುವುದೂ ಅದೇ.

ಅದು ಪಕ್ಕಕ್ಕೆ ಹರಡುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಲಂಗರು ಒಂದು ಸಲ ಉತ್ತು ಹಾಕಿದರೆ ಆ ಗಾಯ ಮುಚ್ಚಲು ದಶಕಗಳು ಬೇಕು. ಸ್ಪೇನಿನ ಬಲಿಯಾರಿಕ್ ದ್ವೀಪಗಳಲ್ಲಿ ಅದರ ಮೇಲೆ ಲಂಗರು ಬಿಡುವುದನ್ನು 2018ರಲ್ಲಿ ನಿಷೇಧಿಸಿದರು. ಹಾಗಾಗಿ ದಯವಿಟ್ಟು, ನಿಮ್ಮ ದೋಣಿ ಉಳಿಯಲಿ ಅಂತಷ್ಟೇ ಅಲ್ಲ, ಆ ಗಿಡ ಉಳಿಯಲಿ ಅಂತಲೂ ಹುಲ್ಲಿನ ಮೇಲೆ ಲಂಗರು ಬಿಡಬೇಡಿ.

ಹಾಯಿ_ಹುಡುಗ · ಜುಲೈ 25, ಬೆಳಿಗ್ಗೆ 9:58

ಇದು ಗೊತ್ತಿರಲಿಲ್ಲ. ನಿಜಕ್ಕೂ ಬೇಸರವಾಯಿತು. ಎತ್ತಿದ ಕಂತೆ ಒಂದು ಬಕೆಟ್‌ಗಿಂತ ಜಾಸ್ತಿ ಇತ್ತು. ಹುಲ್ಲು ಎಲ್ಲಿದೆ, ಮರಳು ಎಲ್ಲಿದೆ ಎಂದು ಮೇಲಿಂದ ಹೇಗೆ ತಿಳಿಯುವುದು?

ಏಜಿಯನ್_ಸುಧಾ · ಜುಲೈ 25, ಬೆಳಿಗ್ಗೆ 10:15

ಬಣ್ಣದಿಂದ. ಮರಳಿನ ಮೇಲೆ ನೀರು ತಿಳಿ ಹಸಿರುನೀಲಿ ಬಣ್ಣ. ಹುಲ್ಲಿನ ಮೇಲೆ ಕಡು ನೀಲಿ, ಕಪ್ಪು ತೇಪೆ ಹಾಕಿದ ಹಾಗೆ. ಪಾರೋಸ್ ಸುತ್ತ ನೀರು ಎಷ್ಟು ತಿಳಿ ಎಂದರೆ ಹತ್ತು ಮೀಟರ್ ಆಳದಲ್ಲೂ ಲಂಗರು ಕಾಣುತ್ತದೆ. ಆದರೆ ಸೂರ್ಯ ಮೇಲಿರಬೇಕು. ಸಂಜೆ ಏಳಕ್ಕೆ ಬಂದರೆ ನೀರಿನ ಮೇಲೆ ಬರೀ ಹೊಳಪು. ಏನೂ ಕಾಣುವುದಿಲ್ಲ. ನೀವು ಎಷ್ಟು ಗಂಟೆಗೆ ಬಂದಿರಿ?

ಹಾಯಿ_ಹುಡುಗ · ಜುಲೈ 25, ಬೆಳಿಗ್ಗೆ 10:18

ಏಳೂವರೆಗೆ.

ಏಜಿಯನ್_ಸುಧಾ · ಜುಲೈ 25, ಬೆಳಿಗ್ಗೆ 10:22

ಹಾಗಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮೂರು ಗಂಟೆಯೊಳಗೆ ಸೇರಿಕೊಳ್ಳಿ. ಜಾಗವೂ ಸಿಗುತ್ತದೆ, ತಳವೂ ಕಾಣುತ್ತದೆ.

ಇನ್ನು ಬಿಡುವ ಕ್ರಮ. ಗಾಳಿಗೆ ಮುಖ ಮಾಡಿ ಮರಳಿನ ತೇಪೆಯ ಮೇಲೆ ಪೂರ್ತಿ ನಿಲ್ಲಿಸಿ. ಲಂಗರು ತಳ ಮುಟ್ಟುವವರೆಗೆ ಇಳಿಸಿ. ಸರಪಳಿಯನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ. ದೋಣಿ ತಾನಾಗಿ ಹಿಂದೆ ಸರಿಯುತ್ತಿದ್ದಂತೆ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿ. ಪೂರ್ತಿ ಬಿಟ್ಟ ಮೇಲೆ ಎಂಜಿನ್ ರಿವರ್ಸ್ ಹಾಕಿ. ಮೊದಲು ಮೆಲ್ಲಗೆ, ಆಮೇಲೆ 2000 ಆರ್‌ಪಿಎಂ ತನಕ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ಪಕ್ಕಕ್ಕೆ ನೋಡಿ ದಡದ ಮೇಲೆ ಎರಡು ಗುರುತು ಹುಡುಕಿಕೊಳ್ಳಿ, ಒಂದು ಹತ್ತಿರದ್ದು, ಒಂದು ಹಿಂದಿನದು. ಅವೆರಡೂ ಒಂದೇ ಗೆರೆಯಲ್ಲಿ ಇದ್ದರೆ ದೋಣಿ ನಿಂತಿದೆ.

ಆಮೇಲೆ ಈಜುವ ಕನ್ನಡಕ ಹಾಕಿ ನೀರಿಗೆ ಇಳಿಯಿರಿ. ಈಜುತ್ತಾ ಹೋಗಿ ಲಂಗರನ್ನು ಕಣ್ಣಾರೆ ನೋಡಿ. ಇದನ್ನು ಬಿಡಲೇಬೇಡಿ.

ಕಾಫಿತೋಟ · ಜುಲೈ 25, ಬೆಳಿಗ್ಗೆ 11:02

ಎರಡು ಲಂಗರು ಹಾಕಿದರೆ ಸುಲಭ ಅಲ್ವಾ? ಕ್ರೊಯೇಷಿಯಾದಲ್ಲಿ ನಮ್ಮ ಸ್ಕಿಪ್ಪರ್ ಹಾಗೇ ಮಾಡಿದ್ದ.

ಏಜಿಯನ್_ಸುಧಾ · ಜುಲೈ 25, ಬೆಳಿಗ್ಗೆ 11:10

ತುಂಬಿದ ಕೊಲ್ಲಿಯಲ್ಲಿ ಬೇಡ. ಗಾಳಿ ತಿರುಗಿದಾಗ ಎಲ್ಲ ದೋಣಿಗಳೂ ಒಂದೇ ಥರ ತಿರುಗುತ್ತವೆ. ಎರಡು ಲಂಗರು ಹಾಕಿದವರು ಮಾತ್ರ ನಿಂತಲ್ಲೇ ನಿಂತು ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತಾರೆ. ಎರಡು ಸರಪಳಿ ಹೊಸೆದುಕೊಂಡರೆ ರಾತ್ರಿ ಹೊತ್ತು ಬಿಡಿಸಿಕೊಂಡು ಓಡುವುದೂ ಕಷ್ಟ.

ಪಡುಗಡಲು · ಜುಲೈ 25, ಬೆಳಿಗ್ಗೆ 11:25

ನಾನು ಒಪ್ಪುವುದಿಲ್ಲ. ತಿಳಿದು ಹಾಕಿದರೆ ಎರಡನೇ ಲಂಗರು ಪ್ರಾಣ ಉಳಿಸುತ್ತದೆ. ಎರಡರ ನಡುವೆ ಸುಮಾರು 45 ಡಿಗ್ರಿ ಕೋನ ಇರಲಿ. ಮೆಲ್ಟೆಮಿ ದಿಕ್ಕು ಬದಲಿಸುವುದೇ ಅಪರೂಪ. ದಿನಗಟ್ಟಲೆ ಒಂದೇ ಕಡೆಯಿಂದ ಬೀಸುವ ಗಾಳಿಗೆ ಅದು ಸರಿಹೋಗುತ್ತದೆ.

ಏಜಿಯನ್_ಸುಧಾ · ಜುಲೈ 25, ಬೆಳಿಗ್ಗೆ 11:31

ಹಿರಿಯರೇ, ಪಳಗಿದವರಿಗೆ ಸರಿ. ಇವರು ಅಪ್ಪ ಅಮ್ಮನ ಜೊತೆ ಬಾಡಿಗೆ ದೋಣಿಯಲ್ಲಿ ಹೋಗುವವರು. ಒಂದನ್ನೇ ಚೆನ್ನಾಗಿ ಹಾಕಲಿ. ಗಾಳಿ ತಳ್ಳುವ ಕಡೆ, ದೋಣಿಯ ಹಿಂದೆ ಜಾಗ ಇದ್ದರೆ ಇನ್ನೂ ಹತ್ತು ಮೀಟರ್ ಸರಪಳಿ ಬಿಡಲಿ. ಪೆಟ್ಟಿಗೆಯೊಳಗೆ ಮಲಗಿದ ಸರಪಳಿಯಿಂದ ಏನೂ ಉಪಯೋಗ ಇಲ್ಲ.

ಪಡುಗಡಲು · ಜುಲೈ 25, ಬೆಳಿಗ್ಗೆ 11:34

ಕೊನೆಯ ಮಾತಿಗೆ ಪೂರ್ತಿ ಒಪ್ಪಿಗೆ.

ಮೈಸೂರು_ಮಂಜ · ಜುಲೈ 25, ಮಧ್ಯಾಹ್ನ 1:15

ಒಂದು ಮೋಡವೂ ಇಲ್ಲದೆ 30 ನಾಟ್ ಗಾಳಿ ಹೇಗೆ ಬರುತ್ತದೆ? ನಮ್ಮಲ್ಲಿ ಗಾಳಿ ಬರುವ ಮುಂಚೆ ಆಕಾಶವೇ ಹೇಳಿಬಿಡುತ್ತದೆ.

ಗಾಳಿಲೆಕ್ಕ · ಜುಲೈ 25, ಮಧ್ಯಾಹ್ನ 2:40

ನಾನು ಕಾಯುತ್ತಿದ್ದ ಪ್ರಶ್ನೆ ಇದು. ಇದಕ್ಕೂ ನಮ್ಮ ಮುಂಗಾರಿಗೂ ನೇರ ಸಂಬಂಧ ಇದೆ.

ಬೇಸಿಗೆಯಲ್ಲಿ ಭಾರತ, ಪಾಕಿಸ್ತಾನದ ನೆಲ ಕಾದು ದೊಡ್ಡ ಕಡಿಮೆ ಒತ್ತಡದ ಪ್ರದೇಶ ಆಗುತ್ತದೆ. ಅರಬ್ಬಿ ಸಮುದ್ರದಿಂದ ಮಳೆಗಾಳಿಯನ್ನು ನಮ್ಮ ಕಡೆ ಎಳೆದು ತರುವುದು ಅದೇ. ಆ ಕಡಿಮೆ ಒತ್ತಡ ಅಲ್ಲಿಗೇ ನಿಲ್ಲುವುದಿಲ್ಲ. ಒಂದು ನಾಲಿಗೆ ಇರಾನ್ ದಾಟಿ ತುರ್ಕಿಯ ತನಕ ಚಾಚಿಕೊಂಡಿರುತ್ತದೆ. ಆ ಕಡೆ ಬಾಲ್ಕನ್ ದೇಶಗಳ ಮೇಲೆ ಹೆಚ್ಚು ಒತ್ತಡ. ಎರಡರ ನಡುವೆ ಸಿಕ್ಕಿಕೊಂಡಿರುವುದು ಏಜಿಯನ್ ಕಡಲು. ಹಾಗಾಗಿ ಅಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಒಂದೇ ಸಮ ನುಗ್ಗುತ್ತದೆ.

ಇನ್ನೊಂದು ವಿಷಯ. ಮುಂಗಾರಿನಲ್ಲಿ ಇಲ್ಲಿ ಮೇಲಕ್ಕೆ ಏರಿದ ಗಾಳಿ ಎಲ್ಲಾದರೂ ಇಳಿಯಲೇಬೇಕಲ್ಲ. ಅದು ಇಳಿಯುವ ಒಂದು ಮುಖ್ಯ ಜಾಗ ಪೂರ್ವ ಮೆಡಿಟರೇನಿಯನ್. ಇಳಿಯುವ ಗಾಳಿ ಒಣಗಿರುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ. ಆಗುಂಬೆಯಲ್ಲಿ ಮಳೆ ಸುರಿಯುವ ಜುಲೈ ತಿಂಗಳಲ್ಲೇ ಪಾರೋಸ್‌ನ ಆಕಾಶ ಬರಿದಾಗಿ ಗಾಳಿ ಮಾತ್ರ ಬೀಸುವುದು ಹೀಗೆ.

ಹೆಸರುಗಳಲ್ಲೂ ಹೋಲಿಕೆ ಇದೆ. ಹಳೆಯ ಗ್ರೀಕರು ಇದನ್ನು ಎತೇಸಿಯ ಅಂದರು. ‘ಎತೋಸ್’ ಎಂದರೆ ವರ್ಷ, ವರ್ಷವರ್ಷ ಬರುವ ಗಾಳಿ. ಅರಿಸ್ಟಾಟಲ್ ಕೂಡ ಇದರ ಬಗ್ಗೆ ಬರೆದಿದ್ದಾನೆ. ಮಾನ್ಸೂನ್ ಬಂದದ್ದು ಅರಬ್ಬಿಯ ‘ಮೌಸಿಮ್’ನಿಂದ, ಋತು ಎಂದು ಅರ್ಥ.

ಮಲ್ಪೆಯವ · ಜುಲೈ 25, ಮಧ್ಯಾಹ್ನ 3:05

ಇದು ಓದಿ ಮೈ ಜುಂ ಅಂತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮಗೆ ಯಾಂತ್ರಿಕ ದೋಣಿ ನಿಷೇಧ. ಈಗ ಬಂದರಿನಲ್ಲಿ ಬಲೆ ಹೆಣೆಯುತ್ತಾ ಕೂತಿದ್ದೇವೆ. ನಮ್ಮನ್ನು ದಡದಲ್ಲಿ ಕೂರಿಸಿದ ಗಾಳಿಗೂ ಇವರ ಲಂಗರು ಕಿತ್ತ ಗಾಳಿಗೂ ನಂಟು ಇದೆ ಎಂದು ಯಾರು ಅಂದುಕೊಂಡಿದ್ದರು!

ಹಳೆಗನ್ನಡ_ಪ್ರಿಯ · ಜುಲೈ 25, ಸಂಜೆ 5:20

ಗ್ರೀಕರ ಕಡಲು, ಮಲ್ಪೆ ಎರಡೂ ಬಂದ ಮೇಲೆ ಸುಮ್ನೆ ಇರಲಾಗುವುದಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಸುಮಾರು 2ನೇ ಶತಮಾನದ ಗ್ರೀಕ್ ಪ್ರಹಸನ ಇದೆ. ಭಾರತದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣಿನ ಕಥೆ. ಅಲ್ಲಿನ ರಾಜನಿಗೆ ಕುಡಿಸಿ ಅವಳ ಕಡೆಯವರು ಹಡಗು ಹತ್ತಿ ಪಾರಾಗುತ್ತಾರೆ. ಅದರೊಳಗಿನ ಕೆಲವು ಮಾತು ಕನ್ನಡವೇ ಎಂದು ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದ್ದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಅನ್ನುವುದನ್ನೂ ಹೇಳಬೇಕು.

ಕಾಫಿತೋಟ · ಜುಲೈ 25, ಸಂಜೆ 5:34

ಅದು ತುಳು ಎನ್ನುವವರೂ ಇದ್ದಾರೆ.

ಹಳೆಗನ್ನಡ_ಪ್ರಿಯ · ಜುಲೈ 25, ಸಂಜೆ 5:41

ಇದ್ದಾರೆ. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿ ಬನ್ನಿ.

ನಿರ್ವಾಹಕ · ಜುಲೈ 25, ಸಂಜೆ 6:00

ಹೌದು, ಅದು ಬೇರೆ ಕಡೆ ನಡೆಯಲಿ. ಇಲ್ಲಿ ಲಂಗರಿಗೆ ಬನ್ನಿ. ದ್ವೀಪ ಸುತ್ತುವ ದಾರಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಏಜಿಯನ್_ಸುಧಾ · ಜುಲೈ 26, ಬೆಳಿಗ್ಗೆ 8:10

ನಾನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಪಾರೋಸ್‌ನ ಪೂರ್ವಕ್ಕೆ ನಾಕ್ಸೋಸ್ ದ್ವೀಪ. ಅಲ್ಲಿನ ಝಾಸ್ ಬೆಟ್ಟ ಸುಮಾರು 1000 ಮೀಟರ್ ಎತ್ತರ. ಎರಡು ದ್ವೀಪಗಳ ನಡುವಿನ ಜಲಸಂಧಿ ಒಂದು ಆಲಿಕೆ ಇದ್ದಂತೆ. ಹೊರಗೆ 20 ನಾಟ್ ಇದ್ದರೆ ಅಲ್ಲಿ 27, 28 ಸಿಗುತ್ತದೆ. ಅಲೆ ಗಿಡ್ಡ, ಕಡಿದು. ಉತ್ತರದಿಂದ ದಕ್ಷಿಣಕ್ಕೆ ಇಳಿದರೆ ಗಾಳಿ ಬೆನ್ನಿಗಿರುತ್ತದೆ, ಖುಷಿಯಾಗುತ್ತದೆ. ದಕ್ಷಿಣದಿಂದ ಮೇಲಕ್ಕೆ ಹತ್ತುವುದು ಅಪ್ಪ ಅಮ್ಮನ ಜೊತೆಗಂತೂ ಬೇಡ. ಪೂರ್ವ ದಡದಲ್ಲಿ ಪಿಸೊ ಲಿವಾಡಿ ಎಂಬ ಪುಟ್ಟ ಬಂದರಿದೆ. ಜಾಗ ಸಿಕ್ಕರೆ ಒಂದು ರಾತ್ರಿಗೆ ಚೆನ್ನ.

ಪಶ್ಚಿಮಕ್ಕೆ ಆಂಟಿಪಾರೋಸ್. ಎರಡರ ನಡುವಿನ ಕಾಲುವೆಯಲ್ಲಿ ಆಳ ಬಹಳ ಕಡಿಮೆ. ಚಾರ್ಟ್ ಎದುರಿಗಿಟ್ಟುಕೊಂಡು ಹಗಲಲ್ಲೇ ಹೋಗಿ. ಪಾರೋಸ್ ಕಡೆಯ ಪೂಂಡಾದಿಂದ ಆಚೆಗೆ ಕಾರು ಸಾಗಿಸುವ ಚಿಕ್ಕ ಫೆರಿ ಇಡೀ ದಿನ ಓಡಾಡುತ್ತದೆ. ಗಾಳಿ ಇದ್ದ ದಿನ ಕೈಟ್ ಸರ್ಫ್ ಮಾಡುವವರು ಹಾಯಿಯ ಎದುರೇ ಹಾರಿ ಹೋಗುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡೆಸ್ಪೊಟಿಕೊ. ಆಂಟಿಪಾರೋಸ್‌ನ ನೈಋತ್ಯಕ್ಕಿರುವ, ಜನವಸತಿ ಇಲ್ಲದ ದ್ವೀಪ. ಎರಡು ದ್ವೀಪಗಳ ನಡುವೆ ಅಗಲವಾದ ಕೊಲ್ಲಿ, ಮರಳಿನ ದೊಡ್ಡ ತೇಪೆಗಳು. ಮೆಲ್ಟೆಮಿಗೆ ಒಳ್ಳೆಯ ಆಸರೆ. ಚಿಮಿಂಡಿರಿ ಎಂಬ ಸಣ್ಣ ನಡುಗಡ್ಡೆಯ ಅಕ್ಕಪಕ್ಕ ಮಾತ್ರ ಹೋಗಬೇಡಿ, ಆಳವೇ ಇಲ್ಲ. ಡೆಸ್ಪೊಟಿಕೊದ ಮಾಂಡ್ರಾ ಎಂಬಲ್ಲಿ ಕ್ರಿಸ್ತಪೂರ್ವ 6ನೇ ಶತಮಾನದ ಅಪೊಲೊ ದೇವಾಲಯವನ್ನು ಅಗೆದು ತೆಗೆದಿದ್ದಾರೆ. ಪಾರೋಸ್‌ನ ಬಿಳಿ ಅಮೃತಶಿಲೆಯ ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಲಂಗರು ಹಾಕಿದ ದೋಣಿಯಿಂದ ಅದು ಕಾಣುವಾಗ ಮಾತೇ ಹೊರಡುವುದಿಲ್ಲ.

ಒಂದು ಎಚ್ಚರಿಕೆ. ಸೆಪ್ಟೆಂಬರ್ ಕೊನೆಗೆ ಮೆಲ್ಟೆಮಿ ಇಳಿಯುತ್ತದೆ, ಆದರೆ ದಕ್ಷಿಣದ ಗಾಳಿ ಶುರುವಾಗಬಹುದು. ದಕ್ಷಿಣ ಗಾಳಿ ಎಂದು ಮುನ್ಸೂಚನೆ ಬಂದರೆ ಎಲ್ಲವೂ ತಿರುಗಾಮುರುಗಾ. ಆಗ ದಕ್ಷಿಣದ ಕೊಲ್ಲಿಗಳನ್ನು ಬಿಟ್ಟು ನೌಸಾಕ್ಕೇ ಬನ್ನಿ. ಒಲಿಂಪಿಯಾ ರೇಡಿಯೋ ಕೇಂದ್ರ ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ದಿನಕ್ಕೆ ನಾಲ್ಕು ಸಲ ಹವಾಮಾನ ಓದುತ್ತದೆ, ಇಂಗ್ಲಿಷಿನಲ್ಲೂ. ಫೋನಿನ ಆ್ಯಪ್ ಒಂದನ್ನೇ ನಂಬಬೇಡಿ. ಬೆಟ್ಟದಿಂದ ಇಳಿಯುವ ಹೊಡೆತ ಅದರಲ್ಲಿ ಕಾಣುವುದಿಲ್ಲ. ತೊಂದರೆಯಾದರೆ ಅದೇ ವಿಎಚ್‌ಎಫ್‌ನ ಚಾನೆಲ್ 16, ಇಲ್ಲವೇ ಫೋನಿನಲ್ಲಿ 108. ಗ್ರೀಕ್ ಕರಾವಳಿ ಪಡೆಯ ಸಂಖ್ಯೆ ಅದು.

ಕಾಫಿತೋಟ · ಜುಲೈ 26, ಬೆಳಿಗ್ಗೆ 8:44

108 ಅಂದರೆ ನಮ್ಮ ಆಂಬುಲೆನ್ಸ್ ನಂಬರ್! ಮರೆಯುವ ಹಾಗೇ ಇಲ್ಲ.

ಪಡುಗಡಲು · ಜುಲೈ 26, ಬೆಳಿಗ್ಗೆ 9:20

ಪಾರೋಸ್‌ನ ಮುಖ್ಯ ಬಂದರು ಪರಿಕಿಯಾಕ್ಕೆ ಹೋಗುವಾಗ ಪೋರ್ಟೆಸ್ ಬಂಡೆಗಳನ್ನು ಹೇಳದೆ ಬಿಟ್ಟಿರಿ ಸುಧಾ ಅವರೇ. ನನ್ನ ಕಾಲದವರು ಅದನ್ನು ಮರೆಯುವುದಿಲ್ಲ. 2000ದ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮೀನಾ ಎಂಬ ಫೆರಿ ಅದಕ್ಕೆ ಬಡಿದು ಮುಳುಗಿತು. 500ಕ್ಕೂ ಹೆಚ್ಚು ಜನ ಇದ್ದರು, 80ಕ್ಕೂ ಹೆಚ್ಚು ಮಂದಿ ಸತ್ತರು. ಆ ಬಂಡೆ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಎಲ್ಲ ಚಾರ್ಟಿನಲ್ಲೂ ಇದೆ, ದೀಪವೂ ಇದೆ. ನೋಡುವ ಕಣ್ಣು ಬೇರೆ ಕಡೆ ಇತ್ತು.

ಏಜಿಯನ್_ಸುಧಾ · ಜುಲೈ 26, ಬೆಳಿಗ್ಗೆ 9:37

ನಿಜ. ಆ ರಾತ್ರಿ ಅಷ್ಟು ಗಾಳಿಯಲ್ಲಿ ಪಾರೋಸ್‌ನ ಮೀನುಗಾರರು ತಮ್ಮ ಸಣ್ಣ ದೋಣಿಗಳಲ್ಲಿ ಹೊರಟು ಎಷ್ಟೋ ಜನರನ್ನು ಎತ್ತಿ ತಂದರು. ದ್ವೀಪದಲ್ಲಿ ಈಗಲೂ ಆ ಮಾತು ಬಂದರೆ ಜನ ದನಿ ತಗ್ಗಿಸುತ್ತಾರೆ.

ಮಲ್ಪೆಯವ · ಜುಲೈ 26, ಬೆಳಿಗ್ಗೆ 9:50

ಮೀನುಗಾರ ಎಲ್ಲಿದ್ದರೂ ಹೋಗಿಯೇ ಹೋಗುತ್ತಾನೆ. ಅವರಿಗೆ ಕೈ ಮುಗಿಯುತ್ತೇನೆ.

ಮೈಸೂರು_ಮಂಜ · ಜುಲೈ 26, ಬೆಳಿಗ್ಗೆ 10:30

ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಅಲ್ಲಿ ಊಟಕ್ಕೆ ಏನು ಮಾಡುವುದು?

ಏಜಿಯನ್_ಸುಧಾ · ಜುಲೈ 26, ಬೆಳಿಗ್ಗೆ 10:48

ಚಿಂತೆ ಬೇಡ. ರೆವಿಥಾದಾ ಕೇಳಿ. ಕಡಲೆಕಾಳು, ಈರುಳ್ಳಿ, ಎಣ್ಣೆ ಮಣ್ಣಿನ ಮಡಕೆಗೆ ಹಾಕಿ ಒಲೆಯಲ್ಲಿ ರಾತ್ರಿಯಿಡೀ ಬೇಯಿಸುತ್ತಾರೆ. ಫಾವಾ ಅಂದರೆ ಬೇಳೆ ಅರೆದ ಹಾಗೆ, ಮೇಲೆ ನಿಂಬೆಹಣ್ಣು. ನಮ್ಮ ಅತ್ತೆ ಬಂದಾಗ ಎರಡು ವಾರ ಅದನ್ನೇ ತಿಂದು ಖುಷಿಯಾಗಿದ್ದರು. ಉಪ್ಪಿನಕಾಯಿ ಮಾತ್ರ ಊರಿಂದ ತನ್ನಿ.

ಹಾಯಿ_ಹುಡುಗ · ಜುಲೈ 26, ರಾತ್ರಿ 8:15

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲ ಬರೆದುಕೊಂಡಿದ್ದೇನೆ. ಹೋಗಿ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.

ಹಾಯಿ_ಹುಡುಗ · ಅಕ್ಟೋಬರ್ 4, ರಾತ್ರಿ 8:50

ಮಾತು ಕೊಟ್ಟಂತೆ ಬಂದಿದ್ದೇನೆ.

ಅದೇ ಬಾಡಿಗೆಯವರು. ಜುಲೈನಲ್ಲಿ ಕೊಟ್ಟ ದೋಣಿಯೇ ಸಿಕ್ಕಿತು. ಮೊದಲ ಎರಡು ದಿನ ಗಾಳಿ ಕಡಿಮೆ ಇತ್ತು. ಪರಿಕಿಯಾದಿಂದ ಹೊರಟು ಕಾಲುವೆ ದಾಟಿ ಡೆಸ್ಪೊಟಿಕೊಗೆ ಹೋದೆವು. ಮಧ್ಯಾಹ್ನ ಎರಡಕ್ಕೇ ಮುಟ್ಟಿದೆವು. ಸುಧಾ ಅವರು ಹೇಳಿದ ಬಣ್ಣದ ವಿಷಯ ಅಲ್ಲಿ ಕಣ್ಣಿಗೆ ಹೊಡೆದಂತೆ ಕಂಡಿತು. ಕಡು ತೇಪೆ ಬಿಟ್ಟು ಬಿಟ್ಟು ಎರಡು ಸುತ್ತು ಹಾಕಿದೆವು. ಅಪ್ಪ ಮುಂತುದಿಯಲ್ಲಿ ನಿಂತು ‘ಇಲ್ಲಿ ಬೆಳ್ಳಗಿದೆ, ಇಲ್ಲಿ ಬಿಡು’ ಎಂದರು. ಐದು ಮೀಟರ್ ಆಳ, 40 ಮೀಟರ್ ಸರಪಳಿ. ರಿವರ್ಸ್ ಹಾಕಿ ನೋಡಿದೆವು. ದಡದ ಮೇಲೆ ಒಂದು ಬಿಳಿ ಗೋಡೆ, ಅದರ ಹಿಂದೆ ಒಂಟಿ ಮರ. ಎರಡೂ ಕದಲಲಿಲ್ಲ.

ಆಮೇಲೆ ನೀರಿಗಿಳಿದೆ. ಲಂಗರಿನ ಮೊನೆ ಪೂರ್ತಿ ಮರಳಿನಲ್ಲಿ ಹೂತಿತ್ತು. ಕಾಂಡದ ಅರ್ಧ ಮಾತ್ರ ಕಾಣುತ್ತಿತ್ತು. ಸುತ್ತ ಸಣ್ಣ ಮೀನು ಓಡಾಡುತ್ತಿದ್ದವು.

ಮಾರನೇ ರಾತ್ರಿ ಗಾಳಿ ಬಂತು. ಮತ್ತೆ ಅದೇ ನಕ್ಷತ್ರದ ಆಕಾಶ. ಮೀಟರ್‌ನಲ್ಲಿ 31 ನಾಟ್ ನೋಡಿದೆ. ನಾನು ಎರಡು ಗಂಟೆಗೆ ತಾನಾಗಿ ಎಚ್ಚರಗೊಂಡೆ. ಹೊರಗೆ ಹೋಗಿ ಆಚೆ ದಡದ ಎರಡು ದೀಪಗಳನ್ನು ಅರ್ಧ ಗಂಟೆ ನೋಡುತ್ತಾ ಕೂತೆ. ಹೇಗಿದ್ದವೋ ಹಾಗೇ ಇದ್ದವು. ಅಮ್ಮ ಎದ್ದು ಬಂದು ಪಕ್ಕದಲ್ಲಿ ಕೂತರು. ಏನೂ ಕೇಳಲಿಲ್ಲ. ಶಾಲು ಹೊದಿಸಿ ಹೋದರು.

ಎಲ್ಲವೂ ಸರಾಗ ಆಗಲಿಲ್ಲ. ಗಾಳಿ ಇಳಿದ ಮೇಲೆ ಪಿಸೊ ಲಿವಾಡಿಗೆ ಹೋದೆವು. ಲಂಗರು ಎದುರಿಗೆ ಬಿಟ್ಟು ಹಿಂಭಾಗವನ್ನು ಕಟ್ಟೆಗೆ ಕಟ್ಟುವಾಗ ಪಕ್ಕದವರ ಸರಪಳಿಯ ಮೇಲೆ ನಮ್ಮದು ಬಿತ್ತು. ಬೆಳಿಗ್ಗೆ ಅವರು ಹೊರಡುವಾಗ ಎರಡೂ ಒಟ್ಟಿಗೆ ಮೇಲೆ ಬಂದವು. ಬಿಡಿಸಲು ಒಂದು ಗಂಟೆ ಹಿಡಿಯಿತು. ಕೊನೆಗೆ ಒಬ್ಬ ಮುದುಕ ಮೀನುಗಾರ ತನ್ನ ಪುಟ್ಟ ದೋಣಿಯಲ್ಲಿ ಬಂದ. ಅವರ ಸರಪಳಿಯ ಕೆಳಗೆ ಹಗ್ಗ ತೂರಿಸಿ ಎತ್ತಿ ಹಿಡಿದು, ನಮ್ಮ ಲಂಗರನ್ನು ಇಳಿಸಲು ಹೇಳಿದ. ಎರಡೇ ನಿಮಿಷ. ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಎಂದ. ಅಮ್ಮ ಚಕ್ಕುಲಿ ಡಬ್ಬಿ ಕೊಟ್ಟರು, ಅದನ್ನು ತಗೊಂಡ.

ಏಜಿಯನ್_ಸುಧಾ · ಅಕ್ಟೋಬರ್ 4, ರಾತ್ರಿ 9:10

ಓದಿ ಎಷ್ಟು ಸಂತೋಷವಾಯಿತು ಗೊತ್ತಾ? ಸರಪಳಿ ಅಡ್ಡ ಬೀಳುವುದು ಗ್ರೀಸಿನ ಬಂದರುಗಳಲ್ಲಿ ದಿನಾ ಆಗುತ್ತದೆ. ಮುಂದಿನ ಸಲ ಕಟ್ಟೆಗೆ ನೇರವಾಗಿ, ನೀವು ನಿಲ್ಲುವ ಜಾಗದ ಎದುರಿಗೇ ಮೂರು ನಾಲ್ಕು ದೋಣಿಯಷ್ಟು ದೂರದಲ್ಲಿ ಬಿಡಿ. ಓರೆಯಾಗಿ ಬಂದರೆ ಪಕ್ಕದವರ ಮೇಲೆ ಬೀಳುತ್ತದೆ.

ಪಡುಗಡಲು · ಅಕ್ಟೋಬರ್ 4, ರಾತ್ರಿ 9:22

40 ಮೀಟರ್. ಭೇಷ್.

ಹಸಿರುನೀರು · ಅಕ್ಟೋಬರ್ 4, ರಾತ್ರಿ 9:30

ಹುಲ್ಲಿನ ತೇಪೆ ಬಿಟ್ಟು ಸುತ್ತು ಹಾಕಿದಿರಲ್ಲ, ಅದಕ್ಕೆ ದೊಡ್ಡ ಧನ್ಯವಾದ.

ಮಲ್ಪೆಯವ · ಅಕ್ಟೋಬರ್ 5, ಬೆಳಿಗ್ಗೆ 6:15

ಈಗಷ್ಟೇ ಬಂದರಿಗೆ ಬಂದು ಓದಿದೆ. ಚಕ್ಕುಲಿ ಕೊಟ್ಟದ್ದು ಬಹಳ ಒಳ್ಳೆಯದಾಯಿತು. ಆದರೆ ಜುಲೈನಲ್ಲೇ ಒಂದು ಪ್ರಶ್ನೆ ಕೇಳಿದ್ದೆ, ನೀವು ಹೇಳಲೇ ಇಲ್ಲ. ಲಂಗರು ಎಷ್ಟು ಕೆಜಿ?

ಹಾಯಿ_ಹುಡುಗ · ಅಕ್ಟೋಬರ್ 5, ಬೆಳಿಗ್ಗೆ 8:40

ಕ್ಷಮಿಸಿ, ಆಗ ಗೊತ್ತಿರಲಿಲ್ಲ. ಈ ಸಲ ಕಾಂಡದ ಮೇಲೆ ಬರೆದಿದ್ದನ್ನು ನೋಡಿದೆ. 16 ಕೆಜಿ. ಬದಲಾಯಿಸಿದ್ದೀರಾ ಎಂದು ಬಾಡಿಗೆಯವರನ್ನು ಕೇಳಿದೆ. ಇಲ್ಲವಂತೆ. ಜುಲೈನಲ್ಲಿ ಇದ್ದದ್ದೂ ಅದೇ.